ನಾಲ್ಕು ಗಂಟೆಗೆ ಹೇಳಬೇಕಿದ್ದ ಮಾತು

ಮೊನ್ನೆ ರವಿಕೆ ಕೊಂಡುಹೋಗಲು ಬಂದ ಹೆಂಗಸೊಬ್ಬರು ಒಂದು ಸ್ಟೀಲ್ ಡಬ್ಬಿಯನ್ನು ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿಟ್ಟು, "ಕೆಡ್ಡಸದ್ದು, ತಿನ್ನಿ" ಎಂದು ಹೇಳಿ ಬಸ್ಸಿಗೆ ಓಡಿದರು. ಮುಚ್ಚಳ ತೆಗೆದೆ. ಹುರಿದ ಕುಚ್ಚಲಕ್ಕಿಯ ಹುಡಿ, ಬೆಲ್ಲ, ತೆಂಗಿನತುರಿ, ಮೇಲೆ ಒಂದಿಷ್ಟು ತುಪ್ಪ. ಆ ಪರಿಮಳ ಮೂಗಿಗೆ ತಾಗಿದ್ದೇ ತಡ, ನನ್ನ ಕೈ ತನ್ನಷ್ಟಕ್ಕೆ ಗೋಡೆಗೆ ಹೋಯಿತು. ಗೋಡೆ ತಣ್ಣಗಿತ್ತು, ಅಲುಗುತ್ತಿರಲಿಲ್ಲ. ಅದು ಅಲುಗುವುದು ನಿಂತು ವರ್ಷಗಳೇ ಆದವು. ಆದರೂ ಕೈ ಹೋಗುತ್ತದೆ, ಏನು ಮಾಡುವುದು...

ಕೆಡ್ಡಸ ಎಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ತುಳುವರ ಲೆಕ್ಕದಲ್ಲಿ ಆ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ. ಅಗೆಯಬಾರದು, ಉಳಬಾರದು, ಹಸಿ ಗಿಡ ಕಡಿಯಬಾರದು. ಹುರಿದ ಅಕ್ಕಿಯ ಹುಡಿ ಮಾಡಿ ತಿನ್ನಬೇಕು. ಆ ಹುಡಿ ಮಾಡಿಸಲು ಸುತ್ತಿನ ಹೆಂಗಸರೆಲ್ಲ ಅಕ್ಕಿ ಹುರಿದುಕೊಂಡು ಬರುತ್ತಿದ್ದುದು ನನ್ನ ಪಕ್ಕದ ಅಂಗಡಿಗೆ, ಮಿಲ್ಲಿನ ಅಣ್ಣನ ಹತ್ತಿರಕ್ಕೆ.

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಒಂದೇ ಹಂಚಿನ ಮಾಡಿನ ಕೆಳಗೆ ನಮ್ಮ ಎರಡು ಅಂಗಡಿಗಳು. ಅವರದ್ದು ಹಿಟ್ಟಿನ ಮಿಲ್ಲು, ನನ್ನದು ಹೆಂಗಸರ ಟೈಲರಿಂಗ್. ನಡುವೆ ಮಾಡಿನವರೆಗೂ ಮುಟ್ಟದ ಒಂದು ಗೋಡೆ. ಅವರು ಮೋಟಾರು ಹಾಕಿದರೆ ಸಾಕು, ನನ್ನ ಗುಂಡುಸೂಜಿಯ ತಗಡಿನ ಡಬ್ಬಿ ಗುಂಯ್ ಎನ್ನಲು ಸುರು. ಬಂದ ಹೊಸತರಲ್ಲಿ ತಲೆ ಸಿಡಿದು ಜಗಳಕ್ಕೇ ಹೋಗಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ.

"ಸ್ವರ ಒಂದೇ ಹಾಗೆ ಕೇಳ್ತಾ ಇದ್ದರೆ ಒಳ್ಳೆಯದು ಮಾರಾಯ್ತಿ. ಬದಲಾದರೆ ಮಾತ್ರ ಹೆದರಬೇಕು" ಎಂದು ನಕ್ಕಿದ್ದರು.

ಅವರ ಪ್ರಾಣವೆಲ್ಲ ಇದ್ದದ್ದು ಕಿವಿಯಲ್ಲಿ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಊರಿನ ಸುದ್ದಿ ಹೇಳುತ್ತಿರುವಾಗ ಅರ್ಧ ಮಾತಿನಲ್ಲೇ "ತಡಿ" ಎಂದು ಎದ್ದು ಒಳಗೆ ಓಡುತ್ತಿದ್ದರು. ಟಕ್ ಎಂದು ಸ್ವಿಚ್ ಆಫ್. ನಮಗೆ ಏನೂ ಕೇಳಿರುತ್ತಿರಲಿಲ್ಲ. ಒಳಗೆ ನೋಡಿದರೆ ಬೆಲ್ಟ್ ಜಾರುತ್ತಿತ್ತು, ಇಲ್ಲವೇ ಅಕ್ಕಿಯ ಜೊತೆ ಒಂದು ಕಲ್ಲು ಬಿದ್ದಿರುತ್ತಿತ್ತು. ಗೋಡೆಯ ಈಚೆ ಕೂತು ಕೂತು ನನಗೂ ಆ ಕಿವಿ ಸ್ವಲ್ಪ ಬಂತು. ಕಿವಿ ಎನ್ನುವುದಕ್ಕಿಂತ ಕಣ್ಣು ಎನ್ನಬೇಕು, ನಾನು ನೋಡುತ್ತಿದ್ದುದು ಗೋಡೆಯ ಅದುರಿಗೆ ಕುಣಿಯುವ ಗುಂಡುಸೂಜಿಗಳನ್ನು.

ಕೆಡ್ಡಸದ ಮೂರು ದಿನ ಮಿಲ್ಲು ಬಂದ್. ಅದು ಅವರ ಅಪ್ಪ ಮಾಡಿಟ್ಟ ನಿಯಮ. ಹುಡಿಯ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯಬೇಕು. ಆಮೇಲೆ ಬೆಲ್ಟ್ ಇಳಿಸಿ, ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಹೊಸದಾಗಿ ಗೀರು ಹಾಕಿಸಿ, ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಸವೆದದ್ದನ್ನು ಬಿಸಾಡಿ ಹೊಸದು ಹಾಕುತ್ತಿದ್ದರು. ಕೈಯೆಲ್ಲ ಗ್ರೀಸ್ ಮಾಡಿಕೊಂಡು ನೆಲದಲ್ಲಿ ಕೂತಿರುತ್ತಿದ್ದ ಅವರಿಗೆ ನಾನು ಚಾ ಕೊಟ್ಟರೆ, "ಇವಳಿಗೂ ಮೂರು ದಿನ ರಜೆ ಬೇಕಲ್ಲ" ಎಂದು ಮೆಷಿನ್ನನ್ನು ತೋರಿಸುತ್ತಿದ್ದರು. ಅವರಿಗೆ ಮೆಷಿನ್ನು ಯಾವಾಗಲೂ 'ಇವಳು'.

ಹಾಗೆಯೇ ನಡೆದುಕೊಂಡು ಹೋಗಿದ್ದರೆ... ಆದರೆ ನಡೆಯಲಿಲ್ಲ. ಎಲ್ಲ ಹುಡಿಯೂ ಪ್ಯಾಕೆಟಿನಲ್ಲಿ ಬರಲು ಸುರುವಾಯಿತು. ಅಕ್ಕಿಹಿಟ್ಟು, ಮೆಣಸಿನ ಹುಡಿ, ರಾಗಿ ಹುಡಿ, ಏನು ಬೇಕಾದರೂ ಸಿಗುತ್ತದೆ. ಯಾರಿಗೆ ಬೇಕು ತೊಳೆದು, ಒಣಗಿಸಿ, ಚೀಲ ಹೊತ್ತು ಬರುವ ಕರ್ಮ? ಅಣ್ಣ ಜಗಲಿಯಲ್ಲಿ ಕೂರುವುದು ಜಾಸ್ತಿಯಾಯಿತು, ಮಾತು ಕಡಿಮೆಯಾಯಿತು. ಮಿಲ್ಲು ಮುಚ್ಚಬೇಕಾಗುತ್ತದೋ ಏನೋ ಎಂದು ಒಂದು ದಿನ ಹೇಳಿದಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆ ಹೊತ್ತಿಗೇ ಯಾರೋ ಹೇಳಿದರು, ಮೂಡಬಿದ್ರೆಯಲ್ಲಿ ಭಾನುವಾರ ಸಣ್ಣ ವ್ಯಾಪಾರಸ್ಥರಿಗೆ ತರಬೇತಿ ಉಂಟು ಎಂದು. ಹೋದರು. ಸೋಮವಾರ ಬಂದವರು ಬೇರೆಯೇ ಮನುಷ್ಯ. ಲುಂಗಿಯ ಜಾಗದಲ್ಲಿ ಪ್ಯಾಂಟು. ಬೆಳಕು ಹರಿಯುವ ಮೊದಲೇ ಎದ್ದು ಕನ್ನಡಿಯ ಎದುರು ನಿಂತು 'ನಾನು ಸಾಧಿಸುತ್ತೇನೆ' ಎಂದು ಹೇಳಿಕೊಳ್ಳುತ್ತಾರೆ ಎಂದು ಅವರ ಹೆಂಡತಿ, ಅಂದರೆ ನಾನು ಅತ್ತಿಗೆ ಎಂದು ಕರೆಯುತ್ತಿದ್ದವರು, ನನ್ನ ಅಂಗಡಿಯಲ್ಲಿ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಮಿಲ್ಲಿನ ಗೋಡೆಗೆ ಒಂದು ಬಿಳಿ ಬೋರ್ಡ್ ಬಂತು. ದಿನ ತಿಂಗಳುಗಳನ್ನೆಲ್ಲ ಚೌಕ ಚೌಕ ಮಾಡಿ ಬರೆದದ್ದು.

ಸುಳ್ಳು ಹೇಳಬಾರದು, ಅದರಿಂದ ಲಾಭವೂ ಆಯಿತು. ಚಂದದ ಪ್ಯಾಕೆಟು ಮಾಡಿಸಿದರು. ಉಜಿರೆಯ ಹಾಸ್ಟೆಲುಗಳಿಗೆ, ಬೆಳ್ತಂಗಡಿಯ ಅಂಗಡಿಗಳಿಗೆ ಮಾಲು ಹೋಗಲು ಸುರುವಾಯಿತು. ನನ್ನನ್ನೂ ಬಿಡಲಿಲ್ಲ. "ನೀನು ಬಂದವರಿಗೆಲ್ಲ ನಾಡಿದ್ದು ಬನ್ನಿ ಹೇಳ್ತೀ. ತಾರೀಕು ಬರೆದು ಚೀಟಿ ಕೊಡು, ಆ ತಾರೀಕಿಗೆ ರವಿಕೆ ರೆಡಿ ಮಾಡು, ಮತ್ತೆ ನೋಡು" ಎಂದು ಗದರಿಸಿದರು. ಹಾಗೇ ಮಾಡಿದೆ. ಇವತ್ತು ನನ್ನ ಅಂಗಡಿಗೆ ಇಷ್ಟು ಹೆಸರಿದ್ದರೆ ಅದು ಆ ಚೀಟಿಯಿಂದ. ಆದ್ದರಿಂದ ಅವರ ಬೋರ್ಡನ್ನು ಪೂರ್ತಿ ಗೇಲಿ ಮಾಡುವ ಬಾಯಿ ನನಗಿಲ್ಲ.

ನನಗೆ ಮೊದಲ ಸಲ ಒಳಗೆ ಚಳುಕ್ ಎಂದದ್ದು ಅವರು ಕಿವಿಗೆ ಆ ಬಿಳಿ ಗುಂಡಿಗಳನ್ನು ಸಿಕ್ಕಿಸಿಕೊಂಡ ದಿನ. ವೈರಿಲ್ಲದ ಇಯರ್‌ಫೋನು. ಮಿಲ್ಲು ಓಡುವ ಹೊತ್ತಿಗೆ ತರಬೇತಿಯ ಭಾಷಣ ಕೇಳುವುದಂತೆ.

"ಇಷ್ಟು ವರ್ಷ ಮಿಲ್ಲು ಓಡುವಾಗ ಕಿವಿ ಸುಮ್ಮನೆ ಖಾಲಿ ಬಿದ್ದಿತ್ತು ಮಾರಾಯ್ತಿ. ಎಷ್ಟು ಕಲಿಯಬಹುದಿತ್ತು!" ಎಂದರು.

ಖಾಲಿ! ಆ ಕಿವಿ!

ಆಮೇಲೆ ಬಂತು ನಾಲ್ಕು ಗಂಟೆಯ ಕಾನೂನು. ಬೋರ್ಡಿನ ಕೆಳಗೆ ಕೆಂಪು ಅಕ್ಷರದಲ್ಲಿ 'ಸಮಸ್ಯೆಗಳು: ಸಂಜೆ ನಾಲ್ಕು ಗಂಟೆಗೆ' ಎಂದು ಬರೆದರು. ನಡುನಡುವೆ ಬರುವ ದೂರುಗಳಿಂದ ಕೆಲಸ ಕೆಡುತ್ತದೆ, ಅದಕ್ಕೆ ಎಲ್ಲವನ್ನೂ ಒಂದೇ ಹೊತ್ತಿಗೆ ಕೇಳಿ ಮುಗಿಸಬೇಕು ಎಂದು ಕಲಿಸಿದ್ದರಂತೆ. ಹಿಟ್ಟು ತರಿತರಿ ಆಯಿತು ಎಂದು ಬಂದವರಿಗೂ ನಾಲ್ಕು ಗಂಟೆ, ಮನೆಯಲ್ಲಿ ಗ್ಯಾಸ್ ಖಾಲಿಯಾಯಿತು ಎಂದ ಅತ್ತಿಗೆಗೂ ನಾಲ್ಕು ಗಂಟೆ. ಯಾರಾದರೂ ಮೊದಲೇ ಬಾಯಿ ತೆರೆದರೆ ನಗುತ್ತಾ ನಾಲ್ಕು ಬೆರಳು ಎತ್ತಿ ತೋರಿಸುತ್ತಿದ್ದರು. ಆದರೆ ನಾಲ್ಕು ಗಂಟೆಗೆ ಮಾತ್ರ ಎದುರು ಕುರ್ಚಿ ಹಾಕಿ, ಕಿವಿಯ ಗುಂಡಿ ತೆಗೆದಿಟ್ಟು, ಅಷ್ಟು ಚೆನ್ನಾಗಿ ಕೇಳುತ್ತಿದ್ದರು! ನಮ್ಮ ಗಂಡಸರು ಯಾರೂ ಹಾಗೆ ಕೇಳುವುದಿಲ್ಲ. ಅದಕ್ಕೇ ನಾವೆಲ್ಲ ಒಪ್ಪಿಕೊಂಡೆವು.

ಆ ವರ್ಷ ಕೆಡ್ಡಸಕ್ಕೆ ಮಿಲ್ಲು ನಿಲ್ಲಲಿಲ್ಲ.

"ಮಾವ ಇದ್ದಿದ್ದರೆ ಬಿಡ್ತಿದ್ದರಾ?" ಎಂದು ಅತ್ತಿಗೆ ಕೇಳಿದ್ದಕ್ಕೆ, "ಭೂಮಿ ಅಗೆಯಬಾರದು ಅಂತ ಉಂಟು. ಮಿಲ್ಲು ಓಡಿಸಬಾರದು ಅಂತ ಎಲ್ಲಿ ಉಂಟು? ವರ್ಷದಲ್ಲಿ ಹುಡಿಗೆ ಇಷ್ಟು ಬೇಡಿಕೆ ಇರುವುದೇ ಈ ಮೂರು ದಿನ" ಎಂದರು. ಮಾತು ಸರಿಯೇ. ಶಾಸ್ತ್ರದಲ್ಲಿ ಎಲ್ಲೂ ಇರಲಿಲ್ಲ.

"ಮತ್ತೆ ಅದರ ರಿಪೇರಿ, ಗ್ರೀಸು?" ಎಂದು ನಾನು ಕೇಳಿದೆ.

"ಬರುವ ತಿಂಗಳಿಗೆ ಹಾಕಿದ್ದೇನೆ. ಪ್ಲ್ಯಾನಿನಲ್ಲಿ ಉಂಟು."

ಉಂಟು, ಬೋರ್ಡಿನಲ್ಲಿ ಇತ್ತು. ಬರುವ ತಿಂಗಳು ಬಂದಾಗ ಬೇರೆ ಆರ್ಡರು ಬಂತು. ಅದು ಇನ್ನೊಂದು ಚೌಕಕ್ಕೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಮಳೆಗಾಲದಲ್ಲಿ ಒಬ್ಬ ಮೆಕ್ಯಾನಿಕ್ ಬಂದು ಹೊರಗಿನಿಂದಲೇ ಗ್ರೀಸ್ ತುಂಬಿಸಿ ಹೋದ. ಬೇರಿಂಗ್ ಯಾರೂ ಬಿಚ್ಚಲಿಲ್ಲ. ಏನೂ ಆಗಲಿಲ್ಲ. "ನೋಡಿದೆಯಾ, ಎಂತ ಆಯ್ತು?" ಎಂದು ಅವರು ಕೇಳಿದರು. ಏನೂ ಆಗದೆ ಕಳೆದ ಆ ವರ್ಷವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮರುವರ್ಷದ ಕೆಡ್ಡಸ ಬಂತು. ನಡುವಿನ ದಿನ, ಬೆಳಿಗ್ಗೆ. ಕೆಂಪು ರೇಷ್ಮೆಯ ರವಿಕೆಗೆ ಕೈ ಕೂಡಿಸುತ್ತಿದ್ದೆ. ಸೂಜಿ ತೆಗೆಯಲು ಡಬ್ಬಿಗೆ ಕೈ ಹಾಕಿದರೆ ಗುಂಡುಸೂಜಿಗಳೆಲ್ಲ ಒಂದೇ ಮೂಲೆಗೆ ಸರಿದು ನಿಂತಿವೆ. ಅಂಗೈ ಹಾಕಿ ಹರಡಿದೆ. ನೋಡುತ್ತಿದ್ದ ಹಾಗೇ ಮತ್ತೆ ಆ ಮೂಲೆಗೇ ಸರಿದವು. ಗೋಡೆಗೆ ಕಿವಿ ಇಟ್ಟೆ. ಮಿಲ್ಲಿನ ಆ ದಪ್ಪ ಸ್ವರದ ಒಳಗೆ ಇನ್ನೊಂದು, ಕೂದಲಿನಷ್ಟು ಸಪೂರದ ಕಿರ್ರ್ ಎನ್ನುವ ಸ್ವರ.

ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದೆ. ಅಣ್ಣ ತಲೆಯಿಂದ ಕಾಲಿನವರೆಗೆ ಹುಡಿಯಲ್ಲಿ ಬೆಳ್ಳಗಾಗಿ ನಿಂತಿದ್ದರು. ಕಿವಿಯಲ್ಲಿ ಗುಂಡಿ. ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು. ನಾನು ಮೆಷಿನ್ನಿನ ಕಡೆ ಕೈ ತೋರಿಸಿದೆ. ಅವರು ನಾಲ್ಕು ಬೆರಳು ತೋರಿಸಿದರು.

"ಅಣ್ಣ, ಸ್ವರ ಬದಲಾಗಿದೆ! ನಿಲ್ಲಿಸಿ!" ಎಂದು ಕಿರುಚಿದೆ.

ಒಂದು ಗುಂಡಿ ತೆಗೆದರು. ಕೇಳಿದರು. ಅವರಿಗೆ ಅದು ಕೇಳಿತು, ನಾನು ಆಣೆ ಹಾಕಿ ಹೇಳುತ್ತೇನೆ. ಒಂದು ಕ್ಷಣ ಆ ಹಳೆಯ ಮುಖ ಬಂತು, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು "ತಡಿ" ಎನ್ನುತ್ತಿದ್ದ ಮುಖ. ಕೈ ಸ್ವಿಚ್ಚಿನ ಕಡೆ ಎದ್ದಿತು ಕೂಡ. ಅಷ್ಟರಲ್ಲಿ ಅವರ ಕಣ್ಣು ಬಾಗಿಲಿನಲ್ಲಿ ನಿಂತಿದ್ದ ಆಟೋಗೆ ಹೋಯಿತು, ಅಲ್ಲಿಂದ ಬೋರ್ಡಿಗೆ.

"ಈಗ ನಿಲ್ಲಿಸಿದರೆ ಬೆಳ್ತಂಗಡಿಯ ಬಸ್ಸಿಗೆ ಮಾಲು ಹಾಕಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ನಾಲ್ಕು ಗಂಟೆಗೆ ಬಾ. ಬಿಚ್ಚಿ ನೋಡುವ."

ಗುಂಡಿ ಮತ್ತೆ ಕಿವಿಗೆ ಹೋಯಿತು. ನನಗೆ ಕೆಂಡದಂಥ ಸಿಟ್ಟು ಬಂತು. "ಆಯ್ತು, ನಿಮ್ಮ ನಾಲ್ಕು ಗಂಟೆಗೇ ಬರ್ತೇನೆ!" ಎಂದು ಹೊರಗೆ ಬಂದು ಅತ್ತಿಗೆಗೆ ಫೋನು ಮಾಡಿದೆ. "ನಾನು ಹೇಳಿದರೂ ಅದೇ. ನನಗೂ ನಾಲ್ಕು ಗಂಟೆಯೇ ಅಲ್ಲವಾ?" ಎಂದರು ಅತ್ತಿಗೆ. ಆ ಸಲ ನಾವಿಬ್ಬರೂ ನಗಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಹೊಲಿಯಲು ಕೂತಿದ್ದೆ. ಆಚೆಯಿಂದ ಪಟಾರ್ ಎಂದು ಒಂದು ಸದ್ದು. ಹಿಂದೆಯೇ ಗುಂಡುಸೂಜಿಯ ಡಬ್ಬಿ ಸುಮ್ಮನಾಯಿತು. ಅಕ್ಕಿಚೀಲ ಬಿದ್ದಿರಬೇಕು, ಅಂತೂ ಮಿಲ್ಲು ನಿಲ್ಲಿಸಿದರಲ್ಲ, ಬುದ್ಧಿ ಬಂತು ಎಂದು ಖುಷಿಯೇ ಆಯಿತು ನನಗೆ. ಒಂದು ಹೊಲಿಗೆ ಮುಗಿಸಿದೆ. ಆಗ ಗೋಡೆಯ ಮೇಲಿನ ಆ ತೆರೆದ ಜಾಗದಿಂದ ಬಿಳಿ ಹುಡಿ ಮೆಲ್ಲಗೆ ಈಚೆ ಇಳಿಯತೊಡಗಿತು. ನನ್ನ ಕೈ ಮೇಲೆ, ಕೆಂಪು ರೇಷ್ಮೆಯ ಮೇಲೆ. ಹುರಿದ ಅಕ್ಕಿಯ ಪರಿಮಳ ಅಂಗಡಿಯೆಲ್ಲ ತುಂಬಿತು. ಎದ್ದು ಓಡಿದೆ.

ಬೇರಿಂಗ್ ಸುಟ್ಟು, ತಿರುಗದೆ ಹಿಡಿದುಕೊಂಡಿತ್ತು. ಬೆಲ್ಟ್ ಕಡಿದುಹೋಗಿ ಅವರ ತಲೆಗೆ ಹೊಡೆದಿತ್ತು. ನೆಲದಲ್ಲಿ ಒಂದು ಬದಿಗೆ ಮಲಗಿದ್ದರು, ನಿದ್ದೆ ಮಾಡುವವರ ಹಾಗೆ. ಆಟೋದವರನ್ನು ಕೂಗಿದೆ. ಅವರು ಬರುವಷ್ಟರಲ್ಲಿ ಎಲ್ಲಿಂದಲೋ ಒಂದು ಸಣ್ಣ ಸ್ವರ ಮಾತಾಡುತ್ತಿರುವುದು ಕೇಳಿತು. ಹುಡುಕಿದರೆ ಹುಡಿಯೊಳಗೆ ಆ ಬಿಳಿ ಗುಂಡಿ. ಭಾಷಣ ಇನ್ನೂ ನಡೆದಿತ್ತು. ಒಬ್ಬ ಗಂಡಸು ಬಹಳ ಪ್ರೀತಿಯಿಂದ ಯಾರಿಗೋ ಧೈರ್ಯ ಹೇಳುತ್ತಿದ್ದ. ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಮೂಲೆಯಲ್ಲಿದ್ದ ನೀರಿನ ಕೊಡಪಾನಕ್ಕೆ ಹಾಕಿಬಿಟ್ಟೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕೊಂಡುಹೋದರು. ನಾನೂ, ಸುದ್ದಿ ಕೇಳಿ ಓಡಿಬಂದು ದಾರಿಯುದ್ದಕ್ಕೂ ಅವರ ತಲೆ ಹಿಡಿದು ಕೂತಿದ್ದ ಅತ್ತಿಗೆಯೂ ಹೊರಗೆ ಬೆಂಚಿನಲ್ಲಿ ಕೂತೆವು. ಇಬ್ಬರ ಕೈಯಲ್ಲೂ ಹುಡಿ. ಎದುರು ಗೋಡೆಯಲ್ಲಿ ಗಡಿಯಾರ. ನೋಡುತ್ತಿದ್ದ ಹಾಗೇ ನಾಲ್ಕಾಯಿತು. ಬರುತ್ತೇನೆ ಎಂದ ಹೊತ್ತಿಗೆ ನಾನು ಇದ್ದೆ. ಕೇಳಲು ಎದುರಿಗೆ ಅವರು ಇರಲಿಲ್ಲ. ಆಮೇಲೆ ಅವರು ಕಣ್ಣು ತೆರೆಯಲೇ ಇಲ್ಲ. ಕೆಡ್ಡಸದ ಕಡೆಯ ದಿನ ಹೋದರು.

ಊರಿನವರ ಬಾಯಿ ಕೇಳಬೇಕೇ? ಕೆಡ್ಡಸದಲ್ಲಿ ಮಿಲ್ಲು ಓಡಿಸಿದ್ದಕ್ಕೆ ಭೂಮಿತಾಯಿ ಮುನಿದಳು ಎಂದರು. ನನಗೆ ಉರಿದುಹೋಯಿತು. ಅವಳು ಯಾಕೆ ಮುನಿಯುತ್ತಾಳೆ? ಅಣ್ಣನ ಅಪ್ಪನಿಗೆ ಮಗನ ಸ್ವಭಾವ ಗೊತ್ತಿತ್ತು. ಮೆಷಿನ್ನಿಗೆ ರಜೆ ಕೊಡು ಎಂದರೆ ಯಾರೂ ಕೊಡುವುದಿಲ್ಲ, ದೇವರ ಹೆಸರು ಹೇಳಿದರೆ ಕೊಡುತ್ತಾರೆ ಎಂದು ಕಟ್ಟಿಟ್ಟ ರಜೆ ಅದು. ಆ ತರಬೇತಿಯವರನ್ನು ಬೈಯೋಣವೆಂದರೆ ಅದಕ್ಕೂ ಬಾಯಿ ಬರುವುದಿಲ್ಲ. ಮೇಜಿನ ಮುಂದೆ ಕೂತವರಿಗೆ ಅವರು ಹೇಳಿದ್ದು ಸರಿಯೇ ಇರಬಹುದು. ಮಿಲ್ಲಿನವರ ಕಿವಿ ಖಾಲಿ ಇರುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವರು ನೀವಲ್ಲವಾ ಅಣ್ಣ! ನಿಮ್ಮನ್ನೇ ಬೈಯಬೇಕು, ಬೈಯಲು ನೀವಿಲ್ಲ.

ಅತ್ತಿಗೆ ತವರಿನ ಕಡೆ, ಕಲ್ಲಡ್ಕಕ್ಕೆ ಹೋದರು. ಮಿಲ್ಲಿನ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ. ಅಲ್ಲಿಯವರು ಇಡೀ ದಿನ ಹಾಡು ಹಾಕಿರುತ್ತಾರೆ, ಗೋಡೆ ಅಲುಗುವಷ್ಟು ಜೋರಾಗಿ ಅಲ್ಲ.

ಮೊನ್ನೆಯ ಆ ಡಬ್ಬಿಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ತೀರಾ ನುಣ್ಣಗಿತ್ತು, ಪ್ಯಾಕೆಟಿನ ಹುಡಿ. ಅಣ್ಣನಾದರೆ ಹಲ್ಲಿಗೆ ಸ್ವಲ್ಪ ಸಿಗುವ ಹಾಗೆ ಬಿಡುತ್ತಿದ್ದರು. ಕಣ್ಣು ತುಂಬಿ ಬಂತು. ಗಂಟೆ ನಾಲ್ಕಾಗಲು ಇನ್ನೂ ಬಹಳ ಹೊತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಹತ್ತಿರ ಹೋಗಿ, "ನಿಲ್ಲಿಸಿ ಅಣ್ಣ, ನಿಲ್ಲಿಸಿ" ಎಂದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ, ಜೋರಾಗಿಯೇ ಬಂದಿರಬೇಕು.

ಆಚೆಯ ಹಾಡು ತಟ್ಟನೆ ನಿಂತಿತು.

"ಸೌಂಡ್ ಜಾಸ್ತಿ ಆಯ್ತಾ ಅಕ್ಕ?" ಎಂದು ಮೊಬೈಲ್ ಅಂಗಡಿಯವರು ಕೇಳಿದರು.

ನಾನು ಗೋಡೆಗೆ ಅಂಗೈ ಒತ್ತಿದೆ. ಇವರು ಹೇಳಿದ ಕೂಡಲೇ ನಿಲ್ಲಿಸಿದ್ದರು.