ಮನಿಮನಿಗಿ ಬರುವ ಆಟ

ಅಥಣಿಯಲ್ಲಿ ವಿಆರ್ ಗೇಮ್ ಅಂಗಡಿ ಇಟ್ಟಿದ್ದವರೊಬ್ಬರ ಬಳಿ ಇದ್ದದ್ದು ಒಂದೇ ಕನ್ನಡಕ. ಕಣ್ಣು ಪೂರ್ತಿ ಮುಚ್ಚಿ, ಆಟದೊಳಗೇ ಇದ್ದಂತೆ ತೋರಿಸುವ ಆ ಡಬ್ಬಿಯನ್ನು ಪ್ರತಿ ಗಿರಾಕಿಗೂ ಹೆಗಲ ಮೇಲಿನ ಟವೆಲ್‌ನಿಂದ ಒರೆಸಿ ತೊಡಿಸುತ್ತಿದ್ದರು. "ಟಿವಿ ಬಂದಂಗ ಇದೂ ಮನಿಮನಿಗಿ ಬರತೈತಿ, ನೋಡ್ರಿ ಬೇಕಾದ್ರ" ಎನ್ನುವುದು ಅವರ ಮಾತು. ದಿನವೂ ಅಲ್ಲಿ ಹೋಗಿ ಕೂರುತ್ತಿದ್ದ ನನಗೆ ನಂಬಿಕೆಯಿರಲಿಲ್ಲ.

ಒಂದು ಮಧ್ಯಾಹ್ನ ಕೃಷ್ಣೆಯ ದಂಡೆಯ, ನೆರೆ ಕಂಡಿದ್ದ ಉಗಾರ ಬುದ್ರುಕದಿಂದ ಬಂದ ವಯಸ್ಸಾದ ರೈತರೊಬ್ಬರು ಅದನ್ನು ಹಾಕಿಕೊಂಡರು. ದೋಣಿಯ ಆಟ. ಆಟದಲ್ಲಿ ನೀರು ಏರತೊಡಗಿತು. ಥಟ್ಟನೆ ಅವರು ಧೋತರ ಮೇಲೆತ್ತಿ ಕಟ್ಟಿ, ನೆಲಕ್ಕೆ ಕುಕ್ಕರಿಸಿ, ಕನ್ನಡಕಕ್ಕೆ ಜೋಡಿಸಿದ್ದ ಕಂಪ್ಯೂಟರಿನ ವೈರು ಹಗ್ಗದಂತೆ ಜಗ್ಗುತ್ತ ಕೂಗಿದರು: "ಹೊಳಿ ಬಂತು! ಎಮ್ಮಿ ಹಗ್ಗ ಬಿಚ್ಚರಿ, ಲಗೂನ!"

ಸರದಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಕಂಪ್ಯೂಟರು ಮೇಜಿನಂಚಿಗೆ ಬಂದಿತ್ತು. ಅಂಗಡಿಯವರು ಅದನ್ನು ಬಿಟ್ಟು ವೈರು ಜಗ್ಗುತ್ತಿದ್ದ ರೈತರ ಕೈ ಹಿಡಿದರು.

"ಬಿಚ್ಚೀನ್ರಿ ಕಾಕಾ. ಎಮ್ಮಿ ಎಲ್ಲಾ ದಂಡಿಗಿ ಹೋಗ್ಯಾವ."

ಆ ಬೆರಳುಗಳು ಸಡಿಲವಾದ ಮೇಲೆಯೇ ಕನ್ನಡಕ ತೆಗೆದರು.

ಸಂಜೆ ಅಂಗಡಿಯವರನ್ನು ಕೇಳಿದೆ: "ಇನ್ನೂ ಮನಿಮನಿಗಿ ಬರತೈತಿ ಅಂತೀರೇನ್ರಿ?"

ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತ ಅವರೆಂದರು: "ಬರ್ಲಿರಿ. ಆದ್ರ ಹೊಳಿ ಬಂದಂಗ, ಹೇಳದ ಕೇಳದ ಬರೂದು ಬ್ಯಾಡ."