ಹಾಲ್ಯಾ ಅಜ್ಜಿಯ ಬಿಳಿ ಅಂಗಿ

ಬೆಳಗ್ಗೆ ಐದು ಗಂಟೆಗೆ, ಮೊದಲ ಸ್ಫೋಟಕ್ಕೆ ಖಾರ್ಕಿವ್‌ನ ಆ ಮನೆಯ ಕಿಟಕಿಗಳು ನಡುಗಿದಾಗ, ನಾನು ಪಾಸ್‌ಪೋರ್ಟ್ ಹುಡುಕುತ್ತಿದ್ದೆ. ಹಾಲ್ಯಾ ಅಜ್ಜಿ ಸೂಜಿ ಹುಡುಕುತ್ತಿದ್ದರು. ನೆಲಮಾಳಿಗೆಗೆ ಇಳಿಯುವಾಗ ಅವರ ಕೈಯಲ್ಲಿದ್ದದ್ದು ನೀರಿನ ಬಾಟಲಿ, ಕೆಂಪು ನೂಲು, ಪೋಲೆಂಡಿನಲ್ಲಿದ್ದ ಮಗಳಿಗೆಂದು ಹೊಲಿಯುತ್ತಿದ್ದ ಕಸೂತಿ ಅಂಗಿಯ ಒಂದು ತೋಳು.

ವೈದ್ಯಕೀಯ ಓದಲು ನಮ್ಮೂರು ಆಲಂಕಾರಿನಿಂದ ಉಕ್ರೇನಿಗೆ ಹೋಗಿದ್ದ ನಾನು ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಮಾತುಕತೆ ನನ್ನ ಹರುಕು ರಷ್ಯನ್‌ನಲ್ಲಿ. ನೆನಪಿನಲ್ಲಿ ಮಾತ್ರ ಅವರು ನಮ್ಮೂರ ಕನ್ನಡವನ್ನೇ ಆಡುತ್ತಾರೆ.

ಅವರು ಮನುಷ್ಯರನ್ನು ಅಳೆಯುತ್ತಿದ್ದುದು ಬಟ್ಟೆಯ ಒಳಮಗ್ಗುಲು ನೋಡಿ. ಮೊದಲ ದಿನವೇ ನನ್ನ ಚೂಡಿದಾರದ ಅಂಚು ಮಗುಚಿ, "ಎಂತ ಮಗಾ, ಹಿಂದೆ ಎಲ್ಲ ಗಂಟೇ ಉಂಟಲ್ಲ! ಹೊಲಿದವಳಿಗೆ ಗಂಡನ ಹತ್ತಿರ ಜಗಳ ಆಗಿತ್ತಾ?" ಎಂದಿದ್ದರು. ಸಿಟ್ಟು ಬಂದ ದಿನ ಅವರು ಸೂಜಿ ಮುಟ್ಟುತ್ತಿರಲಿಲ್ಲ. ಮನಸ್ಸಿನಲ್ಲಿದ್ದದ್ದು ನೂಲಿನ ಜೊತೆ ಬಟ್ಟೆಗೆ ಇಳಿಯುತ್ತದಂತೆ. ಕೊರಳು, ಕೈತುದಿ, ಕೆಳಗಿನ ಅಂಚು, ಇಲ್ಲೆಲ್ಲ ತಪ್ಪದೆ ಕಸೂತಿ ಯಾಕೆ ಎಂದರೆ, "ಕೆಟ್ಟದ್ದು ಒಳಗೆ ಬರುದು ಬಾಗಿಲಿನಿಂದ ಅಲ್ವಾ? ಕಾವಲು ಅಲ್ಲಿಗೆ ಬೇಕು" ಎನ್ನುತ್ತಿದ್ದರು.

ಅವರ ಪೆಟ್ಟಿಗೆಯ ತಳದಲ್ಲಿ ಬಿಳಿ ಬಟ್ಟೆಗೆ ಬಿಳಿ ನೂಲಿನಲ್ಲೇ ಹೂ ತೆಗೆದ ಒಂದು ಅಂಗಿ ಇತ್ತು. ತಾವು ತೀರಿಕೊಂಡಾಗ ತೊಡಿಸಲೆಂದು ತಾವೇ ಹೊಲಿದಿಟ್ಟದ್ದು. ಹೂವಿನ ವಿನ್ಯಾಸ ಅವರ ಅಮ್ಮನದು. "ಅಲ್ಲಿ ಮುಖ ಯಾರಿಗೆ ನೆನಪಿರ್ತದೆ? ಈ ಹೂ ನೋಡಿಯೇ ಅಮ್ಮ ನನ್ನ ಗುರುತು ಹಿಡಿಯುದು."

ನೆಲಮಾಳಿಗೆಯಲ್ಲಿ ಪ್ರತಿ ಸದ್ದಿಗೂ ಅವರ ಸೂಜಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಗೋಡೆಯ ನಡುಕ ನಿಂತ ಮೇಲೆಯೇ ಹೊಲಿಗೆ. "ನಡುಗುವ ಕೈಯಲ್ಲಿ ಹೊಲಿದರೆ ಹೆದರಿಕೆ ಮಗಳಿಗೆ ಹೋಗ್ತದೆ."

ಒಟ್ಟಿಗೆ ಓದುತ್ತಿದ್ದ ನಾವು ಕೆಲವು ಹುಡುಗಿಯರು ರೈಲು ನಿಲ್ದಾಣಕ್ಕೆ ನಡೆದು ಹೊರಟ ದಿನ ನನಗೆ ಜ್ವರ. ಅಜ್ಜಿ ಮೇಲೆ ಹೋಗಿ ಆ ಬಿಳಿ ಅಂಗಿ ತಂದರು.

"ಬೇಡ ಅಜ್ಜಿ, ಇದು ನಿಮ್ಮದು."

"ನನಗೆ ಈಗ ಸಾಯ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು ಮಾರಾಯ್ತಿ? ಬೆಕ್ಕಿಗೆ ಹಾಕುದು ಯಾರು? ಕೋಟಿನ ಒಳಗೆ ಹಾಕು. ಆದರೆ ವಾಪಸ್ ಬೇಕು. ಪೋಸ್ಟ್ ಮಾಡ್ಬೇಡ, ನೀನೇ ತರ್ಬೇಕು. ಬೇರೆ ಅಂಗಿಯಲ್ಲಿ ಹೋದರೆ ಅಮ್ಮ ನನ್ನನ್ನು ಬಾಗಿಲಿನಿಂದಲೇ ಕಳಿಸ್ತಾಳೆ."

ನಾವು ಆಗಷ್ಟೇ ದಾಟಿದ ತಿರುವಿನಲ್ಲಿ ಶೆಲ್ ಬಿತ್ತು. ಊರಿಗೆ ಬಂದ ಮೇಲೂ ಕನಸಿನಲ್ಲಿ ಆ ತಿರುವನ್ನು ದಿನಾ ದಾಟುತ್ತಿದ್ದೆ. ಬೆಳಗಿನ ಐದಕ್ಕೆ ಎಚ್ಚರ. ಪಕ್ಕದ ಮನೆಯ ಮದುವೆಯಲ್ಲಿ ಸಿಡಿಸಿದ ಗರ್ನಾಲಿನ ಸದ್ದಿಗೆ ಮೇಜಿನಡಿ ನುಗ್ಗಿದ್ದೆ.

ಅಂಗಿಯ ವಿಷಯ ತಿಳಿದ ಅಮ್ಮ, "ಹೆಣಕ್ಕೆ ಹಾಕುವ ಬಟ್ಟೆಯನ್ನು ಒಳಗೆ ತರುದಾ?" ಎಂದು ಅದನ್ನು ಹೊರಗಿನ ಕೊಟ್ಟಿಗೆಯಲ್ಲಿಟ್ಟಳು. ನಾನು ಯುದ್ಧ ಮುಗಿಯುವುದನ್ನು ಕಾಯುತ್ತಿದ್ದೆ. ಯುದ್ಧ ಮುಗಿಯಲಿಲ್ಲ. ಒಂದು ಚಳಿಗಾಲದಲ್ಲಿ ಪೋಲೆಂಡಿನಿಂದ ಅಜ್ಜಿಯ ಮಗಳ ಫೋನ್ ಬಂತು. ಅಜ್ಜಿ ಹೃದಯಾಘಾತದಿಂದ ತೀರಿಕೊಂಡಿದ್ದರು. ನೆರೆಯವರೇ ಮಣ್ಣು ಮಾಡಿದ್ದರು.

"ಏನು ತೊಡಿಸಿದರು?" ಎಂದು ಕೇಳಿದೆ.

"ಯಾವುದೋ ಕೋಟು," ಎಂದಳು.

ಆಮೇಲಿನ ವಾರವೆಲ್ಲ ನಾನು ಕಣ್ಣು ಮುಚ್ಚಿದ್ದೇ ಇಲ್ಲ. ಅಮ್ಮ ನೋಡಿದಳು, ನೋಡಿದಳು, ಒಂದು ಸಂಜೆ ಕೇಳಿದಳು, "ಅವರಿಗೆ ಊಟಕ್ಕೆ ಎಂತ ಇಷ್ಟ?"

"ಬೀಟ್ರೂಟ್ ಸಾರು."

"ಸತ್ತವರಿಗೆ ಬೀಟ್ರೂಟಾ! ನಮ್ಮ ಹಿರಿಯರು ನಗಾಡ್ತಾರೆ," ಎಂದಳು. ಆದರೆ ಮಾಡಿದಳು.

ನಮ್ಮಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವಾಗ ಪಕ್ಕದಲ್ಲಿ ವಸ್ತ್ರ ಇಡುತ್ತಾರೆ. ಅಮ್ಮ ಕೊಟ್ಟಿಗೆಯಿಂದ ಅಂಗಿ ತಂದು, ಕೊರಳಿನ ಹೂ ಮೇಲೆ ಕಾಣುವಂತೆ ಮಣೆಯ ಮೇಲೆ ಹರಡಿದಳು. ಅದರ ಎಡಬಲಕ್ಕೆ ಒಂದೊಂದು ಎಲೆ ಹಾಕಿದಳು.

"ಎರಡು ಯಾಕಮ್ಮ?"

ಅಮ್ಮ ಬಾಗಿಲ ಕಡೆ ತಿರುಗಿ ಕೈ ಮುಗಿದಳು. "ಹಾಲ್ಯಕ್ಕಾ, ನಿಮ್ಮ ಅಂಗಿ ಇಲ್ಲಿ ಉಂಟು. ನನ್ನ ಮಗಳಿಗೆ ತರ್ಲಿಕ್ಕೆ ಆಗ್ಲಿಲ್ಲ, ಬೇಜಾರು ಮಾಡ್ಬೇಡಿ. ನಿಮ್ಮ ಅಮ್ಮನನ್ನೂ ಕರಕೊಂಡು ಬನ್ನಿ. ಅವರು ಇಲ್ಲಿಯೇ ನೋಡಿ ಗುರುತು ಹಿಡಿಯಲಿ."

ಬಂದವರು ಉಣ್ಣಲೆಂದು, ಕ್ರಮದಂತೆ ಬಾಗಿಲು ಎಳೆದುಕೊಂಡು ನಾವು ಹೊರಗೆ ಜಗಲಿಯಲ್ಲಿ ಕೂತೆವು. ಆಗ ನಾನು ಅತ್ತುಬಿಟ್ಟೆ. ಅಮ್ಮ ತಡೆಯಲಿಲ್ಲ.

ಆ ರಾತ್ರಿ ಅಮ್ಮ ಮತ್ತೆ ಮತ್ತೆ ಬಂದು ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಟ ನೋಡಿದಳಂತೆ. ನನಗೆ ಗೊತ್ತೇ ಆಗದಷ್ಟು ನಿದ್ದೆ.