ಡ್ರಿಲ್ ಮೇಷ್ಟ್ರ ನಿಧಾನ ಹೆಜ್ಜೆ

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರಿಗೆ ನಿಧಾನ ಎನ್ನುವುದು ಹುಟ್ಟಿನಿಂದಲೇ ಗೊತ್ತಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟರೂ ದಂಡಯಾತ್ರೆಯೇ. "ರೀ, ಯುದ್ಧಕ್ಕಲ್ಲ, ಹಾಲಿಗೆ" ಎಂದು ಹೆಂಡತಿ ದಿನಾ ನೆನಪಿಸಬೇಕಿತ್ತಂತೆ. ಮನುಷ್ಯ ಚಿನ್ನದಂಥವರು. ಆದರೆ ಅವರಿಗೂ ಸಂಗೀತದ ಮೇಡಂಗೂ ಎಣ್ಣೆ ಸೀಗೆಕಾಯಿ.

ಕಾರಣ ದೊಡ್ಡದೇನಲ್ಲ. ಇವರು ಮಕ್ಕಳನ್ನು ಮೈದಾನದಲ್ಲಿ ಓಡಿಸಿ ಓಡಿಸಿ ಕಳಿಸುತ್ತಿದ್ದರು. ಮುಂದಿನ ಪೀರಿಯಡ್ಡಿನಲ್ಲಿ ಆ ಮಕ್ಕಳ ಬಾಯಿಂದ ಸ್ವರದ ಬದಲು ಏದುಸಿರು ಬರುತ್ತಿತ್ತು. "ಅವರು ಕಳಿಸೋದು ಮಕ್ಕಳನ್ನಲ್ಲ, ಎಮ್ಮೆ ಹಿಂಡನ್ನ" ಎಂದರು ಮೇಡಂ. "ಅವರ ಹಾಡು ಕೇಳಿ ಬಂದ ಮಕ್ಕಳು ಮೈದಾನದಲ್ಲಿ ಆಕಳಿಸ್ತಾರೆ" ಎಂದು ಇವರೂ ಬಿಡಲಿಲ್ಲ. ಅಂದಿನಿಂದ ಮಾತು ಬಂದ್. ಸ್ಟಾಫ್ ರೂಮಿನಲ್ಲಿ ಇಬ್ಬರ ನಡುವೆ ಕೂರುವ ಪಾಪಿ, ಗಣಿತ ಕಲಿಸುವ ನಾನು.

"ಅವರಿಗೆ ಹೇಳಿ, ಫ್ಯಾನ್ ಹಾಕಲಿ."

"ಅವರಿಗೆ ಹೇಳಿ, ಸ್ವಿಚ್ಚು ಅವರ ತಲೆ ಮೇಲೇ ಇದೆ."

ವರ್ಷಗಟ್ಟಲೆ ಆ ಕಡೆ ಈ ಕಡೆ ತಿರುಗಿ ನನ್ನ ಕತ್ತು ಸವೆದುಹೋಯಿತು.

ಅಷ್ಟರಲ್ಲಿ ಶಾಲೆ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವ ಸುದ್ದಿ ಬಂತು. ಸಂಗೀತದ ಹುದ್ದೆ ಇರಬೇಕೋ ಬೇಡವೋ ಎಂದು ಅವತ್ತೇ ಹೇಳುತ್ತಾರಂತೆ. ಮೇಡಂದು ಕಾಯಂ ಕೆಲಸವಲ್ಲ. ಗಂಡ ತೀರಿಕೊಂಡ ಮೇಲೆ ಅವರೂ ಮಗಳೂ ಆ ಸಂಬಳದಲ್ಲೇ ಬದುಕುತ್ತಿದ್ದರು. ಮಕ್ಕಳು ಹಾಡುತ್ತಾ ಕವಾಯತು ಮಾಡಲಿ ಎಂದು ಹೆಡ್ ಮೇಡಂ ತೀರ್ಮಾನಿಸಿದರು. ಬೆಳಿಗ್ಗೆ ಮೇಷ್ಟ್ರು ಹೆಜ್ಜೆ ಕಲಿಸಿದರು, ಮಧ್ಯಾಹ್ನ ಸಂಗೀತದ ಮೇಡಂ ಹಾಡು ಕಲಿಸಿದರು. ಎರಡನ್ನೂ ಕೂಡಿಸಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆದರೆ ಒಂದೇ ಕಡೆ ನಿಲ್ಲಬೇಕಾಗುತ್ತಿತ್ತಲ್ಲ!

ಸಾಹೇಬರು ಬರುವ ಹಿಂದಿನ ದಿನ ಕೂಡಿಸಿದರೆ, ಮಕ್ಕಳ ಕಾಲು ಆಗಲೇ ವೇದಿಕೆ ಮುಟ್ಟಿತ್ತು, ಬಾಯಿ ಇನ್ನೂ ಪಲ್ಲವಿಯಲ್ಲೇ ಇತ್ತು.

"ಅವರಿಗೆ ಹೇಳಿ, ಹಾಡು ಸ್ವಲ್ಪ ಓಡಲಿ."

"ಅವರಿಗೆ ಹೇಳಿ, ಓಡಿದ್ರೆ ಅದು ಹಾಡಲ್ಲ, ಒದರಾಟ."

ನನ್ನ ಪಿತ್ತ ನೆತ್ತಿಗೇರಿತು. "ನೀವುಂಟು, ನಿಮ್ಮ ಜಗಳ ಉಂಟು. ನಾನು ಮನೆಗೆ ಹೋಗ್ತೀನಿ" ಎಂದು ಸ್ಟಾಫ್ ರೂಮಿನಿಂದ ಎದ್ದುಬಂದೆ. ಮನೆಗೇನೂ ಹೋಗಲಿಲ್ಲ, ಹೊರಗೆ ಕಿಟಕಿಯ ಕೆಳಗೆ ಕೂತೆ. ಕದ್ದು ಕೇಳಬಾರದು ಎನ್ನುವುದು ನಾನು ಮಕ್ಕಳಿಗೆ ಹೇಳುವ ಬುದ್ಧಿ.

ತಡೆಯಲಾಗದೆ ಎದ್ದು ಇಣುಕಿದೆ. ಮೇಷ್ಟ್ರು ಬೀರುವನ್ನು ಕೇಳುತ್ತಿದ್ದರು, "ಒಂದು ಸಾಲು ಹಾಡೋಕೆ ಎಷ್ಟು ಹೆಜ್ಜೆ ಹಿಡಿಯುತ್ತಂತೆ?"

ಮೇಡಂ ನೀರಿನ ಹೂಜಿಗೆ ಉತ್ತರ ಕೊಟ್ಟರು, "ಎಂಟು. ನಿಧಾನದ್ದು."

ಆಮೇಲೆ ಮೆಲ್ಲಗೆ ಹಾಡು ಶುರುವಾಯಿತು. ಅದರ ಜೊತೆ ಆ ಭಾರದ ಬೂಟುಗಳು ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡತೊಡಗಿದವು. ನಗು ತಡೆಯಲು ನಾನು ಸೆರಗು ಕಚ್ಚಬೇಕಾಯಿತು.

ಮರುದಿನ ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಸಾಲಿನ ಮುಂದೆ ತಾವೇ ನಡೆದರು. ಕಾಲೂ ಬಾಯಿಯೂ ಒಟ್ಟಿಗೆ ವೇದಿಕೆ ಮುಟ್ಟಿದವು. ಸಾಹೇಬರು ತಲೆದೂಗಿದರು. "ಹಾಡು ಬಹಳ ಚೆನ್ನಾಗಿದೆ. ಸಂಗೀತದವರು ಮುಂದುವರೀಲಿ. ಆದ್ರೆ ಡ್ರಿಲ್ ಮೇಷ್ಟ್ರೇ, ಏನ್ರೀ ಇದು ನಡಿಗೆ? ವಯಸ್ಸಾಯ್ತೇನ್ರೀ ನಿಮಗೆ?"

ಮಕ್ಕಳು ಕಿಸಕ್ಕನೆ ನಕ್ಕವು. ಮೇಷ್ಟ್ರು ತಲೆ ತಗ್ಗಿಸಿ, "ಹೌದು ಸರ್" ಎಂದರು.

ನನ್ನ ಪಕ್ಕದಲ್ಲಿದ್ದ ಸಂಗೀತದ ಮೇಡಂ ಕುರ್ಚಿ ತಳ್ಳಿ ಎದ್ದರು. "ಅವರ ಹೆಜ್ಜೆ ನಿಧಾನ ಅಲ್ಲ ಸರ್. ನನ್ನ ಹಾಡು..."

"ಸುಮ್ನೆ ಕೂತ್ಕೊಳ್ಳಿ ಮೇಡಂ!" ಮೇಷ್ಟ್ರು ಅವರ ಮುಖ ನೋಡಿಯೇ ಗದರಿದರು. "ಈಗಷ್ಟೇ ಕೆಲಸ ಉಳಿದಿದೆ."

"ಕೂರಲ್ಲ. ನೀವು ಸುಮ್ನಿರಿ" ಎಂದರು ಮೇಡಂ, ಅವರೂ ನೇರವಾಗಿಯೇ. ಆಮೇಲೆ ಸಾಹೇಬರ ಕಡೆ ತಿರುಗಿದರು. "ನನಗೋಸ್ಕರ ನಿಧಾನ ನಡೆದ್ರು ಸರ್. ಅದನ್ನೂ ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡರು. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.